ಮನೆಯಲ್ಲೇ ಫ್ರಿಜ್ ರಿಪೇರಿ: ಎಲ್ಲೂರು ಮತ್ತು ಉಡುಪಿ ಕರಾವಳಿ

ಉಡುಪಿ ಜಿಲ್ಲೆಯ ಕಾಪು ತಾಲೂಕಿನ ಎಲ್ಲೂರನ್ನು ಹೊರಗಿನವರು ಎರಡು ಕಾರಣಕ್ಕೆ ಬಲ್ಲರು. ಒಂದು, ಮಹತೋಭಾರ ವಿಶ್ವೇಶ್ವರ ದೇವಸ್ಥಾನ. ಇನ್ನೊಂದು, 2010ರಲ್ಲಿ ವಿದ್ಯುತ್ ಉತ್ಪಾದನೆ ಆರಂಭಿಸಿದ, ತಲಾ 600 ಮೆಗಾವಾಟ್‌ನ ಎರಡು ಘಟಕಗಳಿರುವ ಕಲ್ಲಿದ್ದಲು ಸ್ಥಾವರ. ಸ್ಥಾವರದ ಕರೆಂಟು 400 ಕಿಲೋವೋಲ್ಟ್ ತಂತಿಗಳಲ್ಲಿ ಘಟ್ಟ ಹತ್ತಿ ಹಾಸನದ ಕಡೆಗೆ ಹೋಗುತ್ತದೆ. ಅದೇ ಊರಿನ ಮನೆಯ ಫ್ರಿಜ್ಜು ಓಡುವುದು ವಿದ್ಯುತ್ ವಿತರಣಾ ಕಂಪನಿ ಮೆಸ್ಕಾಂನ 11 ಕಿಲೋವೋಲ್ಟ್ ಫೀಡರು, ಕಂಬದ ಮೇಲಿನ ಟ್ರಾನ್ಸ್‌ಫಾರ್ಮರು, ಅಲ್ಲಿಂದ ತೋಟದ ನಡುವೆ ಎಳೆದ ಉದ್ದನೆಯ ತಂತಿ ಇಷ್ಟನ್ನೂ ದಾಟಿ ಬರುವ ಕರೆಂಟಿನಲ್ಲಿ. ಹೆಸರಿಗೆ ಅದು 230 ವೋಲ್ಟ್. ಬೇಸಿಗೆಯಲ್ಲಿ ಅಡಿಕೆ ತೋಟಗಳ ಪಂಪು ಒಟ್ಟಿಗೆ ಓಡುವ ಹೊತ್ತಿನಲ್ಲಿ ಲೈನಿನ ಕೊನೆಯ ಮನೆಗೆ ಅಷ್ಟೂ ತಲುಪುವುದಿಲ್ಲ. ಫ್ರಿಜ್ಜು ‘ಗುಂಯ್’ ಎಂದು ನರಳಿ, ‘ಟಕ್’ ಎಂದು ನಿಲ್ಲುತ್ತದೆ. ಮನೆಯವರು ಕೂಡಲೇ ಹೇಳುವ ಮಾತು ಒಂದೇ: ಗ್ಯಾಸ್ ಹೋಗಿದೆ.

ಹೆಚ್ಚಿನ ಸಲ ಗ್ಯಾಸ್ ಹೋಗಿರುವುದಿಲ್ಲ. ಕರಾವಳಿಯಲ್ಲಿ ಫ್ರಿಜ್ಜಿಗೆ ಬರುವ ತೊಂದರೆಗಳಲ್ಲಿ ಬಹಳಷ್ಟು ಹೊರಗಿನವು: ಏರಿಳಿಯುವ ವೋಲ್ಟೇಜು, ಸಿಡಿಲು, ಮಳೆಗಾಲದ ತೇವ, ಉಪ್ಪುಗಾಳಿ, ಇಲಿ, ಇರುವೆ, ಹಲ್ಲಿ. ಇವನ್ನು ಗುರುತಿಸುವುದಕ್ಕೂ ಅರ್ಧಕ್ಕರ್ಧ ಸರಿಪಡಿಸುವುದಕ್ಕೂ ಒಂದು ಟೆಸ್ಟರು, ಒಂದು ಮಲ್ಟಿಮೀಟರು, ಸ್ಕ್ರೂಡ್ರೈವರು ಮತ್ತು ಸಾವಧಾನ ಸಾಕು. ಒಳಗೆ ಗ್ಯಾಸು ಓಡುವ ಕೊಳವೆಗಳಿಗೆ ಮಾತ್ರ ಮನೆಯವರು ಕೈಹಾಕಬಾರದು. ಮನೆಮಟ್ಟದ ರಿಪೇರಿಯ ಮೊದಲ ಪಾಠ ಈ ಗಡಿಯನ್ನು ತಿಳಿಯುವುದು.

ಭಾರತದಲ್ಲಿ ಫ್ರಿಜ್ಜು ತಯಾರಿಕೆ ಶುರುವಾದದ್ದು 1958ರಲ್ಲಿ, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸಹಯೋಗದಲ್ಲಿ ಗೋದ್ರೆಜ್ ಸಂಸ್ಥೆಯಿಂದ. ಆಮೇಲೆ ಕೆಲ್ವಿನೇಟರ್, ಆಲ್ವಿನ್ ಬಂದವು. ಉಡುಪಿ ಕಡೆಯ ಹಳ್ಳಿಮನೆಗಳಿಗೆ ಈ ಪೆಟ್ಟಿಗೆ ತಲುಪಲು ದಶಕಗಳೇ ಹಿಡಿದವು. ಮುಂಬಯಿಗೂ ಕೊಲ್ಲಿ ರಾಷ್ಟ್ರಗಳಿಗೂ ದುಡಿಯಲು ಹೋದವರ ಸಂಪಾದನೆ ಅದನ್ನು ತಂದಿತು. ಅದಕ್ಕಿಂತ ಮೊದಲು ತಂಪು ಎಂದರೆ ಮೀನಿನ ಬುಟ್ಟಿಯ ಮಂಜುಗಡ್ಡೆ. ಇಂದಿಗೂ ಮಲ್ಪೆ ಬಂದರಿನ ಮೀನು ನಿಂತಿರುವುದು ಐಸ್ ಪ್ಲಾಂಟುಗಳ ಮೇಲೆಯೇ. ಮನೆಯ ಫ್ರಿಜ್ಜು ಮಾಡುವುದೂ ಅದೇ ಕೆಲಸ, ಸಣ್ಣ ಪ್ರಮಾಣದಲ್ಲಿ.

ಆ ಕೆಲಸ ನಡೆಯುವ ಬಗೆ ಹೀಗೆ. ಹಿಂಬದಿಯ ತಳದಲ್ಲಿರುವ ಕಪ್ಪು ಉಂಡೆ ಕಂಪ್ರೆಸರ್. ಅದು ಗ್ಯಾಸನ್ನು ಒತ್ತಿ ಬಿಸಿ ಮಾಡಿ ಕಂಡೆನ್ಸರ್ ಕೊಳವೆಗಳಿಗೆ ತಳ್ಳುತ್ತದೆ. ಅಲ್ಲಿ ಗ್ಯಾಸು ತನ್ನ ಬಿಸಿಯನ್ನು ಕೋಣೆಯ ಗಾಳಿಗೆ ಬಿಟ್ಟು ದ್ರವವಾಗುತ್ತದೆ. ಫಿಲ್ಟರ್ ಡ್ರೈಯರ್ ದಾಟಿ, ಒಂದು ಮಿಲಿಮೀಟರಿಗಿಂತಲೂ ಸಣ್ಣ ರಂಧ್ರದ ಕ್ಯಾಪಿಲರಿ ಕೊಳವೆಯಲ್ಲಿ ಹಾಯ್ದು, ಫ್ರೀಜರಿನ ಗೋಡೆಯಲ್ಲಿ ಒಮ್ಮೆಲೆ ಹಿಗ್ಗಿ ಆವಿಯಾಗುತ್ತದೆ. ಆವಿಯಾಗಲು ಬೇಕಾದ ಬಿಸಿಯನ್ನು ಒಳಗಿನ ಸಾಮಾನಿನಿಂದ ಹೀರುತ್ತದೆ. ಮತ್ತೆ ಕಂಪ್ರೆಸರಿಗೆ ಮರಳುತ್ತದೆ. ಇಡೀ ಸುತ್ತು ಬೆಸುಗೆ ಹಾಕಿ ಮುಚ್ಚಿದ್ದು. ಅಡುಗೆ ಅನಿಲದಂತೆ ಈ ಗ್ಯಾಸು ಉರಿದು ಖಾಲಿಯಾಗುವುದಿಲ್ಲ; ಎಲ್ಲೋ ತೂತಾದರೆ ಮಾತ್ರ ಕಡಿಮೆಯಾಗುತ್ತದೆ. ‘ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸಬೇಕು’ ಎಂದು ಯಾರಾದರೂ ಹೇಳಿದರೆ, ಆ ಮಾತನ್ನು ನಂಬಬೇಕಾಗಿಲ್ಲ.

ಗ್ಯಾಸಿನ ಜಾತಿಯೂ ಕಾಲಕ್ಕೆ ತಕ್ಕಂತೆ ಬದಲಾಗಿದೆ. ಹಳೆಯ ಫ್ರಿಜ್ಜುಗಳಲ್ಲಿದ್ದದ್ದು ಆರ್-12. ಅದು ಓಝೋನ್ ಪದರಕ್ಕೆ ಹಾನಿ ಮಾಡುತ್ತದೆ ಎಂಬ ಕಾರಣಕ್ಕೆ 1987ರ ಮಾಂಟ್ರಿಯಲ್ ಒಪ್ಪಂದದ ಅಡಿಯಲ್ಲಿ 2010ರ ಹೊತ್ತಿಗೆ ಭಾರತ ಅದನ್ನು ಕೈಬಿಟ್ಟಿತು. ನಂತರ ಬಂದ ಆರ್-134ಎ ಓಝೋನಿಗೆ ತೊಂದರೆ ಕೊಡದಿದ್ದರೂ ಭೂಮಿಯ ಬಿಸಿ ಏರಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ತೀಕ್ಷ್ಣ. ಈಗಿನ ಹೊಸ ಮನೆಬಳಕೆಯ ಫ್ರಿಜ್ಜುಗಳಲ್ಲಿ ಹೆಚ್ಚಾಗಿ ಆರ್-600ಎ, ಅಂದರೆ ಐಸೋಬ್ಯುಟೇನ್ ಇರುತ್ತದೆ. ವಾತಾವರಣಕ್ಕೆ ಇದು ಸೌಮ್ಯ, ಆದರೆ ಉರಿಯುವಂಥದ್ದು. ಯಾವ ಗ್ಯಾಸು, ಎಷ್ಟು ಗ್ರಾಂ ಎಂಬುದು ಕಂಪ್ರೆಸರಿನ ಹತ್ತಿರದ ಅಥವಾ ಬಾಗಿಲ ಒಳಬದಿಯ ಚೀಟಿಯಲ್ಲಿ ಮುದ್ರಿತವಾಗಿರುತ್ತದೆ. ಸ್ಕ್ರೂಡ್ರೈವರು ಎತ್ತಿಕೊಳ್ಳುವ ಮುನ್ನ ಆ ಚೀಟಿ ಓದಬೇಕು.

ಫ್ರಿಜ್ಜು ತಂಪಾಗುತ್ತಿಲ್ಲ ಎಂದಾಗ ಮೊದಲು ಬಾಗಿಲು ತೆರೆದು ದೀಪ ನೋಡಬೇಕು. ದೀಪ ಉರಿಯದಿದ್ದರೆ ತೊಂದರೆ ಪ್ಲಗ್ಗಿನಲ್ಲಿ, ಸಾಕೆಟ್ಟಿನಲ್ಲಿ ಅಥವಾ ಸ್ಟೆಬಿಲೈಜರಿನಲ್ಲಿ ಇರಬಹುದು. ಕರಾವಳಿಯ ಹವೆಯಲ್ಲಿ ಸಾಕೆಟ್ಟಿನ ಹಿತ್ತಾಳೆ ಪಟ್ಟಿ ಹಸಿರುಗಟ್ಟುತ್ತದೆ, ಸಡಿಲವಾದರೆ ಕಿಡಿ ಹಾರಿ ಕಪ್ಪಾಗುತ್ತದೆ. ಪ್ಲಗ್ಗಿನ ಪಿನ್ನು ಮುಟ್ಟಿದಾಗ ಬಿಸಿಯಾಗಿದ್ದರೆ, ಪ್ಲಾಸ್ಟಿಕ್ಕು ಕಂದು ಬಣ್ಣಕ್ಕೆ ತಿರುಗಿದ್ದರೆ ಸಾಕೆಟ್ಟನ್ನೇ ಬದಲಿಸುವುದು ಒಳ್ಳೆಯದು. ದೀಪ ಉರಿಯುತ್ತದೆ, ಆದರೆ ಕಂಪ್ರೆಸರಿನ ಸದ್ದೇ ಇಲ್ಲ ಎಂದಾದರೆ ಥರ್ಮೋಸ್ಟಾಟಿನ ಗುಬುಟು ‘ಆಫ್’ ಕಡೆಗೆ ತಿರುಗಿದೆಯೇ, ಡಿಫ್ರಾಸ್ಟ್ ಗುಂಡಿ ಒತ್ತಿದ್ದು ಹಾಗೆಯೇ ಉಳಿದಿದೆಯೇ ನೋಡಬೇಕು. ಮಕ್ಕಳಿರುವ ಮನೆಯಲ್ಲಿ ಈ ಎರಡಕ್ಕೇ ಮೆಕ್ಯಾನಿಕ್ಕನ್ನು ಕರೆಸಿ ಹಣ ತೆತ್ತವರು ಎಷ್ಟೋ ಮಂದಿ.

ಇನ್ನು ‘ಗುಂಯ್… ಟಕ್’ ಎಂಬ ಸದ್ದು. ಕಂಪ್ರೆಸರು ಹೊರಡಲು ಯತ್ನಿಸಿ, ಆಗದೆ, ಓವರ್‌ಲೋಡ್ ಪ್ರೊಟೆಕ್ಟರು ಕರೆಂಟು ಕಡಿದು, ತಣಿದ ಮೇಲೆ ಮತ್ತೆ ಕೊಡುತ್ತಿದೆ ಎಂದು ಇದರ ಅರ್ಥ. ಕೆಲವು ನಿಮಿಷಕ್ಕೊಮ್ಮೆ ಇದೇ ನಡೆಯುತ್ತದೆ. ಮೊದಲ ಅನುಮಾನ ವೋಲ್ಟೇಜಿನ ಮೇಲೆ. ಅದು ಸರಿಯಿದ್ದರೆ ಎರಡನೆಯದು ರಿಲೇ. ಪ್ಲಗ್ ಕಿತ್ತು, ಐದು ನಿಮಿಷ ಬಿಟ್ಟು, ಫ್ರಿಜ್ಜನ್ನು ಗೋಡೆಯಿಂದ ಸರಿಸಿ ನೋಡಿದರೆ ಕಂಪ್ರೆಸರಿನ ಪಕ್ಕದಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಪ್ಲಾಸ್ಟಿಕ್ ಡಬ್ಬಿ ಕಾಣುತ್ತದೆ, ಅದೇ ರಿಲೇ. ಕ್ಲಿಪ್ ಬಿಚ್ಚಿ ಎಳೆದರೆ ಮೂರು ಪಿನ್ನುಗಳಿಂದ ಕಳಚಿ ಬರುತ್ತದೆ. ಒಳಗಿರುವುದು ನಾಣ್ಯದ ಆಕಾರದ ಒಂದು ಪಿಟಿಸಿ ಬಿಲ್ಲೆ. ತಣ್ಣಗಿರುವಾಗ ಕರೆಂಟು ಬಿಡುತ್ತದೆ, ಬಿಸಿಯಾದೊಡನೆ ತಡೆಯುತ್ತದೆ. ಮೋಟರಿಗೆ ಹೊರಡುವ ಕ್ಷಣದಲ್ಲಿ ಮಾತ್ರ ಹೆಚ್ಚಿನ ನೂಕು ಸಿಗಲಿ ಎಂಬುದಕ್ಕೆ ಈ ಏರ್ಪಾಟು. ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದಾಗ ಗಿಲಕಿಯಂತೆ ಸದ್ದು ಮಾಡಿದರೆ ಬಿಲ್ಲೆ ಒಡೆದಿದೆ. ಸುಟ್ಟ ವಾಸನೆ, ಕಪ್ಪಗಾದ ಪಿನ್ನು, ಒಳಗೆ ಸತ್ತ ಇರುವೆಗಳ ಪುಡಿ, ಇವೂ ಸಾಕ್ಷಿಗಳೇ. ಹಳೆಯ ರಿಲೇಯನ್ನೇ ಕೈಯಲ್ಲಿ ಹಿಡಿದು ಪಡುಬಿದ್ರಿಯಲ್ಲೋ ಕಾಪುವಿನಲ್ಲೋ ಉಡುಪಿಯಲ್ಲೋ ಬಿಡಿಭಾಗದ ಅಂಗಡಿಗೆ ಹೋದರೆ ಅದೇ ಮಾದರಿಯದನ್ನು ಕೇಳಿ ತರಬಹುದು. ಇಡೀ ಫ್ರಿಜ್ಜಿನಲ್ಲಿ ಇಷ್ಟು ಅಗ್ಗಕ್ಕೆ ಇಷ್ಟು ದೊಡ್ಡ ಗುಣ ಕೊಡುವ ಬೇರೆ ಭಾಗವಿಲ್ಲ. ಕೆಲವು ಮಾದರಿಗಳಲ್ಲಿ ರಿಲೇಯ ಪಕ್ಕ ಕೆಪಾಸಿಟರ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಶಾಕ್ ಕೊಡಬಲ್ಲದು. ಅದನ್ನು ಡಿಸ್ಚಾರ್ಜ್ ಮಾಡಲು ಬಾರದವರು ಮುಟ್ಟದಿರುವುದೇ ಸರಿ.

ರಿಲೇ ಕಳಚಿದ ಹೊತ್ತಿನಲ್ಲಿ ಕಂಪ್ರೆಸರಿನ ಗತಿಯನ್ನೂ ಪರೀಕ್ಷಿಸಬಹುದು. ಮಲ್ಟಿಮೀಟರನ್ನು ಓಮ್ಸ್‌ನಲ್ಲಿಟ್ಟು ಮೂರು ಪಿನ್ನುಗಳನ್ನು ಎರಡೆರಡಾಗಿ ಅಳೆದರೆ ಮೂರು ಅಂಕಿ ಸಿಗುತ್ತವೆ. ದೊಡ್ಡ ಅಂಕಿ ಉಳಿದೆರಡರ ಮೊತ್ತಕ್ಕೆ ಸಮನಾಗಿದ್ದರೆ ವೈಂಡಿಂಗ್ ಕಡಿದಿಲ್ಲ. ಯಾವುದೇ ಪಿನ್ನಿಗೂ ಕಂಪ್ರೆಸರಿನ ಲೋಹದ ಮೈಗೂ ನಡುವೆ ಸಂಪರ್ಕ ತೋರಿಸಿದರೆ ಒಳಗೆ ಶಾರ್ಟ್ ಆಗಿದೆ. ಅಂಥ ಫ್ರಿಜ್ಜನ್ನು ಮತ್ತೆ ಪ್ಲಗ್ಗಿಗೆ ಹಾಕಲೇಬಾರದು. ಇನ್ವರ್ಟರ್ ಕಂಪ್ರೆಸರಿಗೆ ಈ ಲೆಕ್ಕ ಹೊಂದುವುದಿಲ್ಲ. ಅದರ ಮೂರು ಸುತ್ತುಗಳೂ ಸಮ, ಅದನ್ನು ನಡೆಸುವುದು ಹಿಂಬದಿಯ ಎಲೆಕ್ಟ್ರಾನಿಕ್ ಬೋರ್ಡು.

ಕಣ್ಣುಮುಚ್ಚಾಲೆ ಆಡುವ ಕರೆಂಟು ಯಾಕೆ ಕೆಟ್ಟದ್ದು ಎಂಬುದಕ್ಕೆ ಕ್ಯಾಪಿಲರಿ ಕೊಳವೆಯಲ್ಲಿ ಉತ್ತರವಿದೆ. ಕಂಪ್ರೆಸರು ನಿಂತ ಮೇಲೆ ಕೊಳವೆಯ ಎರಡು ಬದಿಯ ಒತ್ತಡ ಸಮನಾಗಲು ಮೂರರಿಂದ ಐದು ನಿಮಿಷ ಬೇಕು. ಅಷ್ಟರೊಳಗೆ ಕರೆಂಟು ಮರಳಿದರೆ ಮೋಟರು ಅತಿ ಒತ್ತಡದ ವಿರುದ್ಧ ಹೊರಡಲು ಹೆಣಗುತ್ತದೆ. ಸ್ಟೆಬಿಲೈಜರಿನಲ್ಲಿ ಮೂರು ನಿಮಿಷದ ವಿಳಂಬ ಇಡುವುದು ಇದೇ ಕಾರಣಕ್ಕೆ. ಈಗಿನ ಹಲವು ಮಾದರಿಗಳು ‘ಸ್ಟೆಬಿಲೈಜರ್ ಬೇಡ’ ಎಂಬ ಹೆಸರಿನಲ್ಲಿ ಮಾರಾಟವಾಗುತ್ತವೆ. ಆ ಮಾತು ಯಾವ ವೋಲ್ಟೇಜಿನಿಂದ ಯಾವ ವೋಲ್ಟೇಜಿನವರೆಗೆ ಅನ್ವಯ ಎಂಬುದು ಕೈಪಿಡಿಯಲ್ಲಿರುತ್ತದೆ. ಮನೆಯ ವೋಲ್ಟೇಜು ಆ ಮಿತಿ ಮೀರುವುದಾದರೆ ಸ್ಟೆಬಿಲೈಜರು ಬೇಕೇ ಬೇಕು.

ಸಿಡಿಲಿನ ಮಾತು ಬೇರೆ. ಏಪ್ರಿಲ್–ಮೇ ತಿಂಗಳ ಸಂಜೆಗಳಲ್ಲಿ, ಮತ್ತೆ ಮಳೆಗಾಲ ಹಿಂದೆ ಸರಿಯುವ ಅಕ್ಟೋಬರಿನಲ್ಲಿ ಗುಡುಗು ಕೇಳಿದೊಡನೆ ಕರಾವಳಿಯ ಮನೆಗಳಲ್ಲಿ ಟಿವಿಯ ಪ್ಲಗ್ ಕೀಳುವ ರೂಢಿಯಿದೆ. ಫ್ರಿಜ್ಜನ್ನು ಮರೆಯುತ್ತಾರೆ. ಹಳೆಯ, ಒಂದೇ ಬಾಗಿಲಿನ ಡೈರೆಕ್ಟ್ ಕೂಲ್ ಫ್ರಿಜ್ಜಿನಲ್ಲಿ ಸುಡಲು ಹೆಚ್ಚೇನೂ ಇರಲಿಲ್ಲ. ಈಗಿನ ಇನ್ವರ್ಟರ್ ಫ್ರಿಜ್ಜಿನ ಬೋರ್ಡು ಟಿವಿಯಷ್ಟೇ ನಾಜೂಕು. ಗುಡುಗು ದೂರದಲ್ಲಿರುವಾಗಲೇ ಪ್ಲಗ್ ಕಿತ್ತು, ಬಾಗಿಲು ತೆರೆಯದೆ ಒಂದು ಗಂಟೆ ಬಿಟ್ಟರೆ ಒಳಗಿನ ಯಾವ ಪದಾರ್ಥಕ್ಕೂ ಹಾನಿಯಿಲ್ಲ.

ಹಿಡಿಕೆ ಮುಟ್ಟಿದಾಗ ಜುಮ್ಮೆನ್ನುವ ಫ್ರಿಜ್ಜನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಒದ್ದೆ ಸಿಮೆಂಟು ನೆಲ, ಬರಿಗಾಲು, ಎರಡೇ ಪಿನ್ನಿನ ಪ್ಲಗ್ಗು ಮೂರೂ ಸೇರಿದರೆ ಪ್ರಾಣಕ್ಕೇ ಸಂಚಕಾರ. ಅರ್ತಿಂಗ್ ತಂತಿ ಪ್ಲಗ್ಗಿನಲ್ಲಿ ಕಳಚಿದೆಯೇ, ಸಾಕೆಟ್ಟಿನ ಮೇಲಿನ ದೊಡ್ಡ ತೂತಿಗೆ ನಿಜವಾಗಿ ಅರ್ತ್ ಬಂದಿದೆಯೇ ಎಂದು ಎಲೆಕ್ಟ್ರಿಷಿಯನ್ ಒಬ್ಬರಿಂದ ನೋಡಿಸಬೇಕು. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಬಿರಿದಾಗ ಅರ್ತ್ ಗುಂಡಿಯ ಗುಣ ಕುಗ್ಗುತ್ತದೆ. ಆಗ ಗುಂಡಿಗೆ ನೀರು ಹೊಯ್ಯುವ ಹಳೆಯ ಪದ್ಧತಿ ಅರ್ಥವಿಲ್ಲದ್ದಲ್ಲ. ಮೀಟರ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದ್ದರೆ ಸೋರಿದ ಕರೆಂಟು ಪ್ರಾಣಕ್ಕೆ ಎರವಾಗುವ ಮೊದಲೇ ಲೈನು ಕಡಿಯುತ್ತದೆ.

ತೇವದ ಕಥೆ ದೊಡ್ಡದು. ಉಡುಪಿ ಜಿಲ್ಲೆಯ ವಾರ್ಷಿಕ ಮಳೆ ಸರಾಸರಿ 4,000 ಮಿಲಿಮೀಟರ್ ಮೀರುತ್ತದೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಆ ನಾಲ್ಕು ತಿಂಗಳು ಫ್ರಿಜ್ಜಿನ ಬಾಗಿಲು ತೆರೆದಾಗಲೆಲ್ಲ ಒದ್ದೆ ಗಾಳಿ ಒಳನುಗ್ಗಿ ಮಂಜಾಗಿ ಕೂರುತ್ತದೆ. ಬಾಗಿಲ ರಬ್ಬರು ಸಡಿಲವಾಗಿದ್ದರೆ ತೆರೆಯದೆಯೂ ನುಗ್ಗುತ್ತದೆ. ಈ ರಬ್ಬರಿನೊಳಗೆ ಅಯಸ್ಕಾಂತದ ಪಟ್ಟಿ ಇರುತ್ತದೆ. ಹಿಂದಿನ ಫ್ರಿಜ್ಜುಗಳಿಗೆ ಕಾರಿನ ಬಾಗಿಲಿನಂಥ ಕೊಂಡಿ ಇತ್ತು. ಬಿಸಾಡಿದ ಫ್ರಿಜ್ಜುಗಳೊಳಗೆ ಆಟವಾಡುತ್ತ ಸಿಕ್ಕಿಬಿದ್ದು ಮಕ್ಕಳು ಸತ್ತ ಪ್ರಕರಣಗಳ ನಂತರ, ಒಳಗಿನಿಂದಲೂ ತಳ್ಳಿ ತೆರೆಯಲು ಆಗಬೇಕು ಎಂದು ಅಮೆರಿಕ 1956ರಲ್ಲಿ ಕಾನೂನು ಮಾಡಿತು. ಅಯಸ್ಕಾಂತದ ರಬ್ಬರು ಎಲ್ಲೆಡೆ ಹರಡಲು ಅದು ದೊಡ್ಡ ಕಾರಣ.

ರಬ್ಬರಿನ ಪರೀಕ್ಷೆಗೆ ಹತ್ತು ರೂಪಾಯಿಯ ನೋಟು ಸಾಕು. ಬಾಗಿಲ ಅಂಚಿಗೆ ಸಿಕ್ಕಿಸಿ ಮುಚ್ಚಿ ಎಳೆದಾಗ ಬಿಗಿಯಾಗಿ ಬರಬೇಕು. ಸಲೀಸಾಗಿ ಜಾರಿದರೆ ಆ ಜಾಗ ಸೋರುತ್ತಿದೆ. ನಾಲ್ಕೂ ಬದಿ, ಮುಖ್ಯವಾಗಿ ಹಿಂಜಿನ ಬದಿಯ ಕೆಳಮೂಲೆ ನೋಡಬೇಕು. ರಾತ್ರಿ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಉರಿಸಿ ಒಳಗಿಟ್ಟು ಬಾಗಿಲು ಮುಚ್ಚಿದರೆ ಬೆಳಕು ಎಲ್ಲಿ ಇಣುಕುತ್ತದೆ ಎಂಬುದೂ ಕಾಣುತ್ತದೆ. ಮಳೆಗಾಲದಲ್ಲಿ ಮಡಿಕೆಗಳೊಳಗೆ ಕಪ್ಪು ಬೂಷ್ಟು ಕಟ್ಟುತ್ತದೆ, ದೋಸೆ ಹಿಟ್ಟಿನ ಹನಿ ಒಣಗಿ ಅಂಟಾಗುತ್ತದೆ. ಉಗುರುಬಿಸಿ ಸೋಪುನೀರು, ಹಳೆಯ ಹಲ್ಲುಜ್ಜುವ ಬ್ರಷ್ಷು, ಆಮೇಲೆ ಒಣಬಟ್ಟೆ. ಸೊಟ್ಟಗಾದ ರಬ್ಬರಿಗೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯ ಶಾಖ ಕೊಟ್ಟು ಬೆರಳಿನಿಂದ ನೇರ ಮಾಡಿದರೆ ಹೆಚ್ಚಿನವು ಮೊದಲಿನಂತೆ ಕೂರುತ್ತವೆ. ತೆಂಗಿನೆಣ್ಣೆ ಸವರುವುದು ಬೇಡ. ಅದು ಧೂಳನ್ನೂ ಇರುವೆಯನ್ನೂ ಕರೆಯುತ್ತದೆ. ಹರಿದ ರಬ್ಬರನ್ನು ಬದಲಿಸುವುದೂ ಮನೆಯಲ್ಲೇ ಆಗುವ ಕೆಲಸ: ಕೆಲವು ಅಂಚಿನ ಸೀಳಿನಲ್ಲಿ ಒತ್ತಿ ಕೂರುವಂಥವು, ಕೆಲವಕ್ಕೆ ಒಳಬದಿಯ ಸ್ಕ್ರೂ ಸಡಿಲಿಸಬೇಕು. ಮಾದರಿ ಸಂಖ್ಯೆ ಹೇಳಿ ತರಿಸುವುದು ಕ್ಷೇಮ.

ತರಕಾರಿ ಟ್ರೇಯ ಅಡಿಯಲ್ಲಿ ನೀರು ನಿಲ್ಲುತ್ತಿದ್ದರೆ ಡ್ರೈನ್ ತೂತು ಕಟ್ಟಿದೆ. ಒಳಗೋಡೆಯ ಕೆಳಗಿರುವ ಆ ತೂತಿಗೆ ಕೊತ್ತಂಬರಿ ಎಸಳೋ ಕರಿಬೇವಿನ ಎಲೆಯ ತುಣುಕೋ ಸಿಕ್ಕಿರುತ್ತದೆ. ಹಿಡಿಸೂಡಿಯ ಕಡ್ಡಿಯೊಂದರ ತುದಿಗೆ ಹತ್ತಿ ಸುತ್ತಿ ಮೆಲ್ಲಗೆ ಬಿಡಿಸಿ, ಸೂಜಿಯಿಲ್ಲದ ಸಿರಿಂಜಿನಿಂದ ಉಗುರುಬಿಸಿ ನೀರು ಹಾಯಿಸಿದರೆ ಆಯಿತು. ಆ ನೀರು ಹೋಗಿ ಸೇರುವುದು ಕಂಪ್ರೆಸರಿನ ಮೇಲಿನ ಟ್ರೇಗೆ. ಅದನ್ನು ವಾರಕ್ಕೊಮ್ಮೆ ತೊಳೆಯುವುದು ರಿಪೇರಿಗಿಂತಲೂ ಆರೋಗ್ಯದ ವಿಚಾರ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವ ಜಾಗಗಳಲ್ಲಿ ಫ್ರಿಜ್ಜಿನ ಹಿಂದಿನ ಟ್ರೇಯೂ ಒಂದು. ಮೊಟ್ಟೆ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು.

ಮನೆಯವರ ಕೈಯಿಂದಲೇ ಫ್ರಿಜ್ಜು ಸಾಯುವುದು ಫ್ರೀಜರಿನ ಮಂಜು ಕೆರೆಯುವಾಗ. ಒಂದೇ ಬಾಗಿಲಿನ ಡೈರೆಕ್ಟ್ ಕೂಲ್ ಫ್ರಿಜ್ಜಿನ ಫ್ರೀಜರ್ ಪೆಟ್ಟಿಗೆ ಎಂದರೆ ಎರಡು ತೆಳು ಅಲ್ಯೂಮಿನಿಯಂ ತಗಡುಗಳ ನಡುವೆ ಗ್ಯಾಸು ಓಡುವ ದಾರಿ. ಬಂಗುಡೆಯ ಪೊಟ್ಟಣ ತಳಕ್ಕೆ ಕಚ್ಚಿ ಹಿಡಿದಿದೆ, ಮಧ್ಯಾಹ್ನದ ಸಾರಿಗೆ ಹೊತ್ತಾಗಿದೆ, ಕೈಗೆ ಚಾಕು ಸಿಕ್ಕಿದೆ. ಒಂದು ತಿವಿತ, ‘ಸುಂಯ್’ ಎಂಬ ಸದ್ದು, ಅಲ್ಲಿಗೆ ಮುಗಿಯಿತು. ಅಲ್ಯೂಮಿನಿಯಂ ಬೆಸುಗೆ ಎಲ್ಲರಿಗೂ ಒಲಿಯುವುದಿಲ್ಲ. ಎಷ್ಟೋ ಸಲ ಇಡೀ ಪೆಟ್ಟಿಗೆಯನ್ನೇ ಬದಲಿಸಬೇಕಾಗುತ್ತದೆ. ಮಂಜು ಕಾಲಿಂಚು ದಪ್ಪವಾದಾಗಲೇ ಡಿಫ್ರಾಸ್ಟ್ ಗುಂಡಿ ಒತ್ತುವುದು, ಅವಸರವಿದ್ದರೆ ಪ್ಲಗ್ ಕಿತ್ತು ಒಳಗೊಂದು ಬಿಸಿನೀರಿನ ಪಾತ್ರೆ ಇಟ್ಟು ಬಾಗಿಲು ಮುಚ್ಚುವುದು ಸರಿಯಾದ ದಾರಿ. ಪೊಟ್ಟಣದಡಿಗೆ ಪ್ಲಾಸ್ಟಿಕ್ ಹಾಳೆ ಹಾಸಿದರೆ ಕಚ್ಚಿಕೊಳ್ಳುವುದೇ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಅದಕ್ಕೆ ಮೊದಲು ಫ್ರೀಜರು ತುಂಬಿಸುವ ಮನೆಗಳಲ್ಲಿ ಈ ಎಚ್ಚರ ಹೆಚ್ಚು ಬೇಕು.

ಆರ್-600ಎ ಇರುವ ಫ್ರಿಜ್ಜು ಹೀಗೆ ತೂತಾದರೆ ಒಲೆ ಆರಿಸಿ, ಕಿಟಕಿ ಬಾಗಿಲು ತೆರೆದು, ಹತ್ತಿರದ ಯಾವ ಸ್ವಿಚ್ಚನ್ನೂ ಮುಟ್ಟದೆ, ದೂರದ ಮೇನ್ ಸ್ವಿಚ್ಚಿನಿಂದ ಕರೆಂಟು ತೆಗೆಯಬೇಕು. ಮನೆಯ ಫ್ರಿಜ್ಜಿನಲ್ಲಿ ಈ ಗ್ಯಾಸು ಇರುವುದೇ ಹತ್ತಾರು ಗ್ರಾಂ. ಗಾಳಿಯಾಡುವ ಅಡುಗೆಮನೆಯಲ್ಲಿ ಅದು ಚದುರಿಹೋಗುತ್ತದೆ. ಮುಚ್ಚಿದ ಪೆಟ್ಟಿಗೆಯೊಳಗೆ ನಿಂತರೆ ಒಂದು ಕಿಡಿ ಸಾಕು. ಗಾಳಿಗಿಂತ ಎರಡು ಪಟ್ಟು ಭಾರವಾದ್ದರಿಂದ ತಳದಲ್ಲೇ ಉಳಿಯುತ್ತದೆ.

ಎರಡು ಬಾಗಿಲಿನ ಫ್ರಾಸ್ಟ್ ಫ್ರೀ ಫ್ರಿಜ್ಜಿನಲ್ಲಿ ಕೆರೆಯುವ ಪ್ರಶ್ನೆಯಿಲ್ಲ. ಅಲ್ಲಿ ಹೀಟರು ತಾನಾಗಿ ಮಂಜು ಕರಗಿಸುತ್ತದೆ, ಫ್ಯಾನು ತಂಪುಗಾಳಿಯನ್ನು ಕೆಳಕ್ಕೆ ನೂಕುತ್ತದೆ. ಮೇಲೆ ಐಸ್ ಗಟ್ಟಿಯಾಗಿದೆ, ಕೆಳಗೆ ಹಾಲು ಒಡೆಯುತ್ತಿದೆ ಎಂಬ ದೂರು ಈ ಜಾತಿಯದ್ದು. ಮೊದಲು ಗಾಳಿಕಿಂಡಿಗೆ ಅಡ್ಡವಾಗಿ ಇಟ್ಟ ಡಬ್ಬಗಳನ್ನು ಸರಿಸಬೇಕು. ಆಗಲೂ ಸರಿಹೋಗದಿದ್ದರೆ ಸಾಮಾನು ಖಾಲಿ ಮಾಡಿ, ಪ್ಲಗ್ ಕಿತ್ತು, ಎರಡೂ ಬಾಗಿಲು ತೆರೆದು ಇಡೀ ಒಂದು ದಿನ ಬಿಡಬೇಕು. ಮತ್ತೆ ಹಾಕಿದಾಗ ಚೆನ್ನಾಗಿ ನಡೆದು, ಕೆಲವೇ ದಿನಗಳಲ್ಲಿ ಅದೇ ದೂರು ಮರಳಿದರೆ ರೋಗ ಖಚಿತ: ಡಿಫ್ರಾಸ್ಟ್ ಹೀಟರು, ಸೆನ್ಸರು ಅಥವಾ ಟೈಮರು ಕೆಟ್ಟಿದೆ, ಒಳಗಿನ ಕಾಯಿಲಿನ ಸುತ್ತ ಮಂಜು ಕಟ್ಟಿ ಗಾಳಿಯ ದಾರಿ ಮುಚ್ಚಿದೆ. ಇಷ್ಟನ್ನು ತಿಳಿದು ಹೇಳುವ ಗಿರಾಕಿಗೆ ಗ್ಯಾಸ್ ತುಂಬುವ ಬಿಲ್ಲು ಬರುವುದು ಕಷ್ಟ.

ಉಪ್ಪುಗಾಳಿ ಮೆಲ್ಲಗೆ ತಿನ್ನುತ್ತದೆ. ಹಿಂಬದಿಯ ಕಪ್ಪು ಜಾಳಿಗೆ ಉಕ್ಕಿನದು; ಬಣ್ಣ ಎದ್ದ ಕಡೆ ತುಕ್ಕು ಹಿಡಿದು ಕೊನೆಗೆ ಸೂಜಿಮೊನೆಯಷ್ಟು ತೂತು ಬೀಳುತ್ತದೆ. ಮಳೆಗಾಲಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ, ಪ್ಲಗ್ ಕಿತ್ತು ಮೆತ್ತನೆ ಬ್ರಷ್ಷಿನಿಂದ ಧೂಳು ತೆಗೆದು, ಎದ್ದ ಜಾಗಕ್ಕೆ ತುಕ್ಕುನಿರೋಧಕ ಬಣ್ಣ ತೆಳುವಾಗಿ ಹಚ್ಚಬಹುದು. ಗೋಡೆಗೂ ಫ್ರಿಜ್ಜಿಗೂ ಕೈಪಿಡಿ ಹೇಳುವಷ್ಟು ಅಂತರ ಇರಲಿ. ಸೌದೆ ಒಲೆಯಿರುವ ಅಡುಗೆಮನೆಗಿಂತ ಚಾವಡಿಯ ಮೂಲೆಯೇ ಅದಕ್ಕೆ ಹಿತ. ಜಾಳಿಗೆ ಕಾಣದ ಹೊಸ ಮಾದರಿಗಳಲ್ಲಿ ಕಂಡೆನ್ಸರ್ ಕೊಳವೆ ಪಕ್ಕದ ತಗಡಿನ ಒಳಗಿರುತ್ತದೆ. ಪಕ್ಕ ಬಿಸಿಯಾಗುವುದು ರೋಗವಲ್ಲ. ಆದರೆ ಅಲ್ಲಿ ಸ್ಕ್ರೂ ಹೊಡೆಯುವುದು, ಅಂಗಡಿಯ ಐಸ್‌ಕ್ರೀಂ ಡೀಪ್ ಫ್ರೀಜರಿಗೆ ಬೀಗದ ಕೊಂಡಿ ಕೂರಿಸಲು ಡ್ರಿಲ್ ಮಾಡುವುದು ಕೊಳವೆಯನ್ನೇ ಕೊರೆದಂತೆ.

ಫ್ರಿಜ್ಜಿನ ಆರೋಗ್ಯವನ್ನು ಮೀಟರು ಹೇಳುತ್ತದೆ. ಮನೆಯ ಉಳಿದೆಲ್ಲ ಸ್ವಿಚ್ಚು ಆರಿಸಿ, ಮೀಟರಿನ ಕೆಂಪು ದೀಪದ ಮಿಣುಕು ಗಮನಿಸಬೇಕು. ಒಂದು ಯೂನಿಟ್ಟಿಗೆ ಎಷ್ಟು ಮಿಣುಕು ಎಂಬುದು ಮೀಟರಿನ ಮೇಲೆಯೇ ಬರೆದಿದೆ. ಅದು 3,200 ಎಂದಿದ್ದರೆ, 100 ವಾಟಿನ ಕಂಪ್ರೆಸರು ಓಡುವಾಗ ಸುಮಾರು 11 ಸೆಕೆಂಡಿಗೊಮ್ಮೆ ಮಿಣುಕಬೇಕು. ನಡುನಡುವೆ ಕಂಪ್ರೆಸರು ನಿಂತು ಮಿಣುಕು ತೀರಾ ನಿಧಾನವಾಗಬೇಕು. ಎಂದೂ ನಿಲ್ಲದ 100 ವಾಟಿನ ಕಂಪ್ರೆಸರು ದಿನಕ್ಕೆ 2.4 ಯೂನಿಟ್, ತಿಂಗಳಿಗೆ 72 ಯೂನಿಟ್ ತಿನ್ನುತ್ತದೆ. ಸುಸ್ಥಿತಿಯ ಸಣ್ಣ ಫ್ರಿಜ್ಜಿನ ವಾರ್ಷಿಕ ಬಳಕೆಯೇ ಸ್ಟಾರ್ ಲೇಬಲ್ಲಿನ ಪ್ರಕಾರ 150ರಿಂದ 250 ಯೂನಿಟ್ಟಿನ ಆಸುಪಾಸು. ಕರ್ನಾಟಕದಲ್ಲಿ 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನು ಕಟ್ಟಬೇಕು. ಒಂದು ಸಡಿಲ ರಬ್ಬರು ಮನೆಯನ್ನು ಆ ಗೆರೆ ದಾಟಿಸಬಲ್ಲದು.

ರಿಪೇರಿ ನಡೆಯುವಾಗ ಒಳಗಿದ್ದ ಆಹಾರದ ಬಗ್ಗೆ ಕರಾವಳಿಯವರು ತಿಳಿದಿರಲೇಬೇಕಾದ ಒಂದು ವಿಷಯವಿದೆ. ಫ್ರಿಜ್ಜಿನ ಒಳಗೆ 4 ಡಿಗ್ರಿ ಸೆಲ್ಸಿಯಸ್, ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿ ಇರಬೇಕೆಂಬುದು ಸಾಮಾನ್ಯ ಮಾನದಂಡ. ಕರೆಂಟು ಹೋದರೂ ಬಾಗಿಲು ಮುಚ್ಚಿದ್ದರೆ ಫ್ರಿಜ್ಜು ಸುಮಾರು ನಾಲ್ಕು ಗಂಟೆ ತಂಪು ಹಿಡಿಯುತ್ತದೆ. ತುಂಬಿದ ದೊಡ್ಡ ಫ್ರೀಜರು ಎರಡು ದಿನ. ಡೈರೆಕ್ಟ್ ಕೂಲ್‌ನ ಪುಟ್ಟ ಫ್ರೀಜರ್ ಪೆಟ್ಟಿಗೆಯಿಂದ ಅಷ್ಟು ನಿರೀಕ್ಷಿಸುವಂತಿಲ್ಲ. ಬಂಗುಡೆ, ಬೂತಾಯಿಯಂಥ ಮೀನುಗಳು ಬೆಚ್ಚಗೆ ಉಳಿದರೆ ಅವುಗಳಲ್ಲಿ ಬ್ಯಾಕ್ಟೀರಿಯಾಗಳು ಹಿಸ್ಟಮಿನ್ ಉಂಟುಮಾಡುತ್ತವೆ. ಮುಖ ಕೆಂಪಾಗುವುದು, ತುರಿಕೆ, ತಲೆನೋವು, ವಾಂತಿ ಅದರ ಲಕ್ಷಣ. ಕುದಿಸಿದರೂ ಕಾವಲಿಯಲ್ಲಿ ಹುರಿದರೂ ಹಿಸ್ಟಮಿನ್ ನಾಶವಾಗುವುದಿಲ್ಲ. ವಾಸನೆ ಬಂದಿಲ್ಲ ಎಂಬುದು ಇಲ್ಲಿ ಭರವಸೆಯಲ್ಲ. ಕೆಟ್ಟು ನಿಂತ ಫ್ರಿಜ್ಜಿನಲ್ಲಿ ಕರಗಿ ಬೆಚ್ಚಗಾದ ಬಂಗುಡೆಯನ್ನು ತೆಂಗಿನ ಬುಡಕ್ಕೆ ಹೂಳುವುದೇ ಒಳಿತು. ಇನ್ಸುಲಿನ್ ಇಟ್ಟಿರುವ ಮನೆಗೆ ಬೇರೆ ಎಚ್ಚರ: ಅದಕ್ಕೆ 2ರಿಂದ 8 ಡಿಗ್ರಿ ಬೇಕು. ಫ್ರಿಜ್ಜು ಕೆಟ್ಟಿತೆಂದು ಪಕ್ಕದ ಮನೆಯ ಫ್ರೀಜರಿನಲ್ಲಿಟ್ಟು ಹೆಪ್ಪುಗಟ್ಟಿಸಿದರೆ ಮತ್ತೆ ಬಳಸುವಂತಿಲ್ಲ.

ಗ್ಯಾಸು ನಿಜವಾಗಿ ಹೋಗಿದ್ದರೆ ಲಕ್ಷಣ ಸ್ಪಷ್ಟ. ಕಂಪ್ರೆಸರು ನಿಲ್ಲದೆ ಓಡುತ್ತದೆ, ಫ್ರೀಜರಿನ ಒಂದು ಮೂಲೆಯಲ್ಲಿ ಮಾತ್ರ ಮಂಜು ಕೂರುತ್ತದೆ, ಬೆಸುಗೆಯ ಜಾಗದಲ್ಲಿ ಎಣ್ಣೆಯ ಜಿಡ್ಡು ಕಾಣುತ್ತದೆ. ಇಲ್ಲಿಂದ ಮುಂದಿನದು ತರಬೇತಾದ ಕೈಗೆ ಸೇರಿದ್ದು. ಐಟಿಐಗಳಲ್ಲಿ ರೆಫ್ರಿಜರೇಶನ್ ಮತ್ತು ಏರ್ ಕಂಡೀಷನಿಂಗ್ ಎರಡು ವರ್ಷದ ವೃತ್ತಿ ಶಿಕ್ಷಣ. ಉಜಿರೆಯಲ್ಲಿ 1982ರಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ದೇಶದ ಜಿಲ್ಲೆಗಳಲ್ಲಿ ಹುಟ್ಟಿಕೊಂಡ ಸ್ವಉದ್ಯೋಗ ತರಬೇತಿ ಕೇಂದ್ರಗಳೂ ಹಳ್ಳಿಯ ಯುವಕರಿಗೆ ಈ ಕಸುಬು ಕಲಿಸುತ್ತವೆ. 2019ರ ಭಾರತದ ಕೂಲಿಂಗ್ ಕ್ರಿಯಾಯೋಜನೆ ಒಂದು ಲಕ್ಷ ಸರ್ವಿಸ್ ತಂತ್ರಜ್ಞರಿಗೆ ತರಬೇತಿ ಕೊಡುವ ಗುರಿ ಇಟ್ಟದ್ದೂ ಈ ಕೆಲಸದ ತೂಕ ತಿಳಿದೇ. ಮನೆಯವರು ಮಾಡಬಹುದಾದ್ದು ಕೇಳುವುದು: ಸೋರಿದ ಜಾಗ ಸಿಕ್ಕಿತೇ? ಫಿಲ್ಟರ್ ಬದಲಿಸುತ್ತೀರಾ? ವ್ಯಾಕ್ಯೂಮ್ ಎಷ್ಟು ಹೊತ್ತು ಎಳೆಯುತ್ತೀರಾ? ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ತುಂಬುತ್ತೀರಾ, ಚೀಟಿಯಲ್ಲಿರುವ ಗ್ಯಾಸನ್ನೇ ಹಾಕುತ್ತೀರಾ? ತೂತು ಮುಚ್ಚದೆ ತುಂಬಿದ ಗ್ಯಾಸು ಮತ್ತೆ ಗಾಳಿ ಪಾಲು. ಆರ್-134ಎಗೆಂದು ಮಾಡಿದ ಫ್ರಿಜ್ಜಿಗೆ ಉರಿಯುವ ಗ್ಯಾಸು ತುಂಬುವುದಂತೂ ಮನೆಯೊಳಗೆ ಅಪಾಯವನ್ನು ಕೂರಿಸಿದಂತೆ.

ವಾರಂಟಿಯಲ್ಲಿರುವ ಫ್ರಿಜ್ಜನ್ನು ಬಿಚ್ಚುವ ಮೊದಲು ಕಾರ್ಡಿನ ಷರತ್ತು ಓದಬೇಕು. ಕಂಪ್ರೆಸರಿಗೆ ಬೇರೆಯೇ ದೀರ್ಘ ವಾರಂಟಿ ಇರುವುದು ಸಾಮಾನ್ಯ. ಬಿಡಿಭಾಗ, ಕೈಪಿಡಿ, ಸೇವಾಕೇಂದ್ರದ ವಿವರ ಗ್ರಾಹಕರಿಗೆ ಒಂದೇ ಕಡೆ ಸಿಗಲೆಂದು ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆದಿದೆ. ಸೇವೆಯಲ್ಲಿ ಮೋಸವಾದರೆ ದೂರು ಕೊಡಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಮಕ್ಕಳು ಮುಂಬಯಿಯಲ್ಲೋ ದುಬೈಯಲ್ಲೋ ಇದ್ದು, ಹಿರಿಯರೂ ಕೆಲಕಾಲ ಅಲ್ಲಿಗೆ ಹೋಗುವ ಮನೆಗಳು ಈ ಭಾಗದಲ್ಲಿ ಹಲವು. ಮಳೆಗಾಲಕ್ಕೆ ಬೀಗ ಹಾಕುವ ಮನೆಯಲ್ಲಿ ಫ್ರಿಜ್ಜನ್ನು ಖಾಲಿ ಮಾಡಿ, ತೊಳೆದು ಒರೆಸಿ, ಪ್ಲಗ್ ಕಿತ್ತು, ಬಾಗಿಲು ಪೂರ್ತಿ ಮುಚ್ಚದಂತೆ ನಡುವೆ ಬಟ್ಟೆಯ ಸುರುಳಿ ಸಿಕ್ಕಿಸಿ ಹೋಗಬೇಕು. ಮರಳಿ ಬಂದಾಗ ಹಿಂಬದಿ ನೋಡದೆ ಸ್ವಿಚ್ ಹಾಕಬಾರದು. ಇಲಿ ವಯರು ಕಡಿದಿರಬಹುದು, ಹಲ್ಲಿ ಬೋರ್ಡಿನ ಮೇಲೆ ಸತ್ತಿರಬಹುದು. ಅಡ್ಡ ಮಲಗಿಸಿ ಸಾಗಿಸಿದ ಫ್ರಿಜ್ಜನ್ನು ನೆಟ್ಟಗೆ ನಿಲ್ಲಿಸಿ ಕೆಲವು ಗಂಟೆ ಬಿಟ್ಟ ಮೇಲೆಯೇ ಚಾಲೂ ಮಾಡಬೇಕು, ಕಂಪ್ರೆಸರಿನ ಎಣ್ಣೆ ತಳಕ್ಕೆ ಇಳಿಯಲಿ ಎಂದು.

ರಿಪೇರಿಗೆ ಬಗ್ಗದ ಫ್ರಿಜ್ಜಿನ ಗತಿ ಈಗ ಹೆಚ್ಚಾಗಿ ಗುಜರಿ. ತಾಮ್ರದಾಸೆಗೆ ಕೊಳವೆ ಕತ್ತರಿಸಿದಾಗ ಉಳಿದ ಗ್ಯಾಸೆಲ್ಲ ಗಾಳಿಗೆ ಸೇರುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಫ್ರಿಜ್ಜೂ ಸೇರಿದ್ದು, ಹಳೆಯದನ್ನು ನೋಂದಾಯಿತ ಮರುಬಳಕೆದಾರರ ಮೂಲಕ ವಿಲೇವಾರಿ ಮಾಡಿಸುವ ಹೊಣೆ ತಯಾರಕರದ್ದು. ಹೊಸದು ಕೊಳ್ಳುವಾಗ ಅಂಗಡಿಯಲ್ಲಿ ಇದನ್ನು ಕೇಳಬಹುದು. ಕೆಲವರು ಹಳೆಯ ಪೆಟ್ಟಿಗೆಯನ್ನು ಇಲಿ ಹೊಗದ ಕಪಾಟಾಗಿ ಹಿತ್ತಿಲ ಕೋಣೆಯಲ್ಲಿ ಇಟ್ಟುಕೊಳ್ಳುವುದುಂಟು. ಅಂಗಳದಲ್ಲೋ ಕೊಟ್ಟಿಗೆಯಲ್ಲೋ ಸುಮ್ಮನೆ ಬಿಡುವುದಾದರೆ, ಕೊಂಡಿಯಿರುವ ಹಳೆಯ ಮಾದರಿಯಿರಲಿ ಅಯಸ್ಕಾಂತದ ಹೊಸ ಮಾದರಿಯಿರಲಿ, ಮಕ್ಕಳು ಒಳಗೆ ಸಿಕ್ಕಿಬೀಳದಂತೆ ಹಿಂಜಿನ ಸ್ಕ್ರೂ ಬಿಚ್ಚಿ ಬಾಗಿಲನ್ನೇ ಕಳಚಿ ಬೇರೆ ಇಡಬೇಕು. ಸ್ಕ್ರೂಡ್ರೈವರಿದ್ದರೆ ಅದು ಹತ್ತು ನಿಮಿಷದ ಕೆಲಸ.